ಹೆಗಲಿಗೆ ತಕ್ಕ ಕೋವಿ

ಜಿಲ್ಲಾ ಪುಟದಲ್ಲಿ ಕೋವಿಗೆ ಸಿಗುವ ಜಾಗ ನಾಲ್ಕು ಸಾಲು. ‘ಅಕ್ರಮ ನಾಡಕೋವಿ ವಶ, ಇಬ್ಬರ ಬಂಧನ’ ಅಂತ ತಲೆಬರಹ, ಕೆಳಗೆ ಠಾಣೆಯ ಹೆಸರು, ಮುಗಿಯಿತು. ಚುನಾವಣೆ ಬಂದರೆ ‘ಪರವಾನಗಿ ಬಂದೂಕು ಠೇವಣಿ ಇಡಲು ಸೂಚನೆ’. ಕೈಲ್‌ಪೋದ್ ಬಂದರೆ ತೆಂಗಿನಕಾಯಿಗೆ ಗುರಿ ಇಟ್ಟವರ ಒಂದು ಫೋಟೊ. ಸ್ಟ್ರಿಂಗರ್‌ಗಳಾದ ನಾವು ಈ ಮೂರು ಸುದ್ದಿಯನ್ನೂ ವರ್ಷ ವರ್ಷ ಕಳಿಸುತ್ತೇವೆ. ಆದರೆ ಕೋವಿಯ ಮರ ಕಡೆಯುವವರು, ತುಕ್ಕು ಬಿಡಿಸಿ ಬಣ್ಣ ಕಟ್ಟುವವರು, ಅಜ್ಜನ ಕಾಲದ ಕೋವಿಯನ್ನು ಮೊಮ್ಮಗನ ಹೆಗಲಿಗೆ ಹೊಂದಿಸುವವರು ನಮ್ಮ ನಡುವೆ ಇದ್ದಾರೆ. ಅವರ ಬಗ್ಗೆ ಯಾವ ಡೆಸ್ಕೂ ಸುದ್ದಿ ಕೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ. ಇದು ಕೋವಿ ಮಾಡುವುದು ಹೇಗೆ ಎಂಬ ಲೇಖನ ಅಲ್ಲ. ಕೋವಿಯನ್ನು ಪ್ರೀತಿಯಿಂದ ನೋಡಿಕೊಳ್ಳುವವರು ಯಾವ ಕೆಲಸಕ್ಕೆ ಕೈ ಹಾಕುತ್ತಾರೆ, ಯಾವುದಕ್ಕೆ ಕೈ ಹಾಕುವುದಿಲ್ಲ ಎಂಬ ಬಗ್ಗೆ.

ಅಂಗಿಯ ಹಾಗೆ ಅಳತೆ

ಕೊಡಗಿನ ಗಡಿಯ ಒಂದು ಪೇಟೆಯಲ್ಲಿ ಕೋವಿ ರಿಪೇರಿಯ ಅಂಗಡಿ ಇದೆ. ಹತ್ತಡಿ ಅಗಲ ಇರಬಹುದು. ಗೋಡೆಯಲ್ಲಿ ಫ್ರೇಮು ಹಾಕಿಸಿದ ಲೈಸೆನ್ಸು, ಪಕ್ಕದಲ್ಲಿ ದೇವರ ಫೋಟೊ. ಮೇಜಿನ ಮೇಲೆ ಅರಗಳು, ಉಳಿಗಳು, ಹಿಡಿಕೆ ಸವೆದ ಒಂದು ಸಣ್ಣ ಸುತ್ತಿಗೆ. ಆಚಾರ್ರು ಅರವತ್ತು ದಾಟಿದವರು. ನಾವು ಅಲ್ಲಿಗೆ ಹೋಗಿ ಕೂರುವುದು ಸುದ್ದಿಗಾಗಿ ಅಲ್ಲ, ಅವರ ಕೆಲಸ ನೋಡುವುದಕ್ಕೆ.

ಒಂದು ದಿನ ಎಪ್ಪತ್ತರ ಹತ್ತಿರದ ಅಜ್ಜ ಒಬ್ಬರು ಜೋಡಿ ನಳಿಗೆಯ ಕೋವಿ ಹಿಡಿದು ಬಂದರು. ಅವರ ಅಪ್ಪನ ಕಾಲದ್ದು. ಟ್ರಿಗರ್‌ನ ಹಿಂದೆ, ಮರ ಸಪೂರ ಆಗುವ ಜಾಗದಲ್ಲಿ ಬಿರುಕು. ಅದಕ್ಕಿಂತ ದೊಡ್ಡ ತೊಂದರೆ ಅಜ್ಜನ ಕಣ್ಣಿನದು. ಬಲಗಣ್ಣಿಗೆ ಪೊರೆ, ಆಪರೇಷನ್ ಆದ ಮೇಲೂ ದೃಷ್ಟಿ ಸರಿಯಾಗಿಲ್ಲ. ಎಡಗಣ್ಣು ಚೆನ್ನಾಗಿದೆ. ಅಂದರೆ ಇನ್ನು ಮುಂದೆ ಕೋವಿಯನ್ನು ಎಡ ಹೆಗಲಿಗೆ ಇಡಬೇಕು.

“ಆಚಾರ್ರೇ, ಕೈಲ್‌ಪೋದ್‌ಗೆ ತೆಂಗಿನಕಾಯಿ ಹೊಡೀದೆ ಕೂತ್ರೆ ಮೊಮ್ಮಕ್ಕಳು ನಗ್ತಾರೆ” ಅಂದರು.

“ನಗ್ಲಿ ಬಿಡಿ ಅಜ್ಜ. ಮೊದಲು ಕೈ ಮಡಚಿ ತೋರ್ಸಿ” ಅಂದರು ಆಚಾರ್ರು.

ಮೊಣಕೈ ಮಡಿಕೆಯಿಂದ ತೋರುಬೆರಳಿನವರೆಗೆ ಅಳತೆ ತೆಗೆದರು. ಹೆಗಲಿಗೆ ಒರಗುವ ಮರದ ತುದಿಯಿಂದ ಟ್ರಿಗರ್‌ವರೆಗಿನ ಉದ್ದಕ್ಕೆ ಇದು ಮೊದಲ ಲೆಕ್ಕ. ಆಮೇಲೆ ಕೋವಿ ಮುರಿದು ಎರಡೂ ನಳಿಗೆ ಖಾಲಿ ಇದೆ ಎಂದು ತಾವೂ ನೋಡಿ, ಅಜ್ಜನಿಗೂ ತೋರಿಸಿ, ಮತ್ತೆ ಮುಚ್ಚಿ ಕೈಗೆ ಕೊಟ್ಟರು. “ಕಣ್ಣು ಮುಚ್ಚಿ. ಗೋಡೆ ಕಡೆ ಎತ್ತಿ ಹೆಗಲಿಗಿಡಿ. ಈಗ ಕಣ್ಣು ಬಿಡಿ. ಏನು ಕಾಣ್ತದೆ?”

ಎರಡು ನಳಿಗೆಗಳ ನಡುವೆ ಉದ್ದಕ್ಕೆ ಒಂದು ಪಟ್ಟಿ ಇರುತ್ತದೆ. ಕಣ್ಣು ಬಿಟ್ಟ ತಕ್ಷಣ ಆ ಪಟ್ಟಿ ನೇರವಾಗಿ ಮುಂದಿನ ಮಣಿಯವರೆಗೆ ಕಂಡರೆ ಕೋವಿ ನಿಮ್ಮದು. ಪಟ್ಟಿ ರಸ್ತೆಯ ಹಾಗೆ ಅಗಲವಾಗಿ ಕಂಡರೆ ಕೆನ್ನೆ ಒರಗುವ ಮರ ಎತ್ತರ ಆಯಿತು ಎಂದು ಅರ್ಥ. ಪಟ್ಟಿ ಕಾಣದೆ ಕೋವಿಯ ಹಿಂಭಾಗವೇ ಅಡ್ಡ ಬಂದರೆ ಮರ ತಗ್ಗಾಯಿತು. ಅಜ್ಜನಿಗೆ ಪಟ್ಟಿ ಓರೆಯಾಗಿ ಕಂಡಿತು. ಬಲಗೈಯವರಿಗಾಗಿ ಮಾಡಿದ ಮರ ಸ್ವಲ್ಪ ಬಲಕ್ಕೆ ವಾಲಿರುತ್ತದೆ, ಕೆನ್ನೆ ಇಟ್ಟಾಗ ಕಣ್ಣು ಪಟ್ಟಿಯ ನೇರಕ್ಕೆ ಬರಲಿ ಎಂದು. ಎಡಗೈಯವರಿಗೆ ಅದೇ ವಾಲು ಎಡಕ್ಕೆ ಬೇಕು. ಕೆಲವೇ ಮಿಲಿಮೀಟರ್‌ಗಳ ವ್ಯತ್ಯಾಸ. ಆದರೆ ಆ ವ್ಯತ್ಯಾಸಕ್ಕೆ ಗುರಿಯೂ ತಪ್ಪುತ್ತದೆ, ಈಡು ಹಾರಿದಾಗ ಕೆನ್ನೆಗೆ ಏಟೂ ಬೀಳುತ್ತದೆ.

ಅಂಗಡಿಯಲ್ಲಿ ಕೊಂಡ ಅಂಗಿಗೂ ದರ್ಜಿ ಹೊಲಿದ ಅಂಗಿಗೂ ಇರುವ ವ್ಯತ್ಯಾಸವೇ ಇದು. ಲಂಡನ್ನಿನ ಪರ್ಡಿ ಕಂಪನಿ 1814ರಲ್ಲಿ ಶುರುವಾದದ್ದು. ಇವತ್ತಿಗೂ ಗಿರಾಕಿಯ ಮೈ ಅಳತೆ ತೆಗೆದುಕೊಂಡು ಕೋವಿ ಮಾಡುತ್ತದೆ. ಅಲ್ಲಿ ಕೋವಿ ಮಾಡಿಸುವವರು ಸಿರಿವಂತರು. ಇಲ್ಲಿ ಅಜ್ಜ ಬಸ್ಸಿನಲ್ಲಿ ಬಂದಿದ್ದರು. ಅಳತೆ ತೆಗೆಯುವ ವಿದ್ಯೆ ಮಾತ್ರ ಎರಡೂ ಕಡೆ ಒಂದೇ.

ಮಸಿ ಹೇಳುವ ಮಾತು

ಅಜ್ಜನ ಕೋವಿಗೆ ಹೊಸ ಮರ ಬೇಕಾಯಿತು. ಹೊರದೇಶಗಳಲ್ಲಿ ಕೋವಿಗೆ ಅಕ್ರೋಟಿನ ಮರ ಬಳಸುತ್ತಾರೆ. ಗಟ್ಟಿ, ಆದರೆ ಭಾರ ಇಲ್ಲ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಬೀಟೆ ನೋಡಲು ಚೆಂದ, ತೂಕ ಜಾಸ್ತಿ, ಕಡಿಯುವುದಕ್ಕೂ ಸಾಗಿಸುವುದಕ್ಕೂ ಕಾನೂನಿನ ಕಟ್ಟು. ಅಜ್ಜ ತಂದದ್ದು ತಮ್ಮ ಮನೆಯ ಹಿಂದೆ ಗಾಳಿಗೆ ಬಿದ್ದ ಹಲಸಿನ ದಿಮ್ಮಿಯ ತುಂಡು. ಮೂರು ವರ್ಷ ಅಟ್ಟದ ಮೇಲೆ ನೆರಳಲ್ಲಿ ಒಣಗಿತ್ತು.

ಆಚಾರ್ರು ಮರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರು ನೋಡುತ್ತಿದ್ದದ್ದು ಬಣ್ಣವನ್ನಲ್ಲ, ಎಳೆಯನ್ನು. ಟ್ರಿಗರ್‌ನ ಹಿಂದಿನ ಸಪೂರ ಜಾಗದಲ್ಲಿ ಮರದ ಎಳೆ ಉದ್ದುದ್ದಕ್ಕೆ ಹಾದುಹೋಗಬೇಕು. ಅಡ್ಡ ಹೋದರೆ ಇವತ್ತಲ್ಲ ನಾಳೆ ಅಲ್ಲೇ ಮುರಿಯುತ್ತದೆ. ಮರದ ಹಿಂಭಾಗದಲ್ಲಿ ಸುಳಿ, ಗಂಟು ಇದ್ದರೆ ಅಂದ. ಸಪೂರ ಜಾಗದಲ್ಲಿ ಇದ್ದರೆ ಅಪಾಯ.

ಆಮೇಲಿನದು ನಮಗೆ ಬಹಳ ಇಷ್ಟದ ಕೆಲಸ. ಕೋವಿಯ ಕಬ್ಬಿಣದ ಭಾಗ ಮರದೊಳಗೆ ಕೂರಬೇಕು. ಆ ಕಬ್ಬಿಣದಲ್ಲಿ ಏಣು, ತಿರುವು, ಗುಂಡನೆಯ ಮೂಲೆ ಎಲ್ಲ ಇವೆ. ಸ್ಕೇಲು ಇಟ್ಟು ಅಳೆಯುವುದಕ್ಕೆ ಆಗುವುದಿಲ್ಲ. ಅದಕ್ಕೆ ದೀಪದ ಮಸಿ. ಕಬ್ಬಿಣಕ್ಕೆ ತೆಳ್ಳಗೆ ಮಸಿ ಸವರಿ ಮರದ ಮೇಲೆ ಒತ್ತುತ್ತಾರೆ, ಎತ್ತುತ್ತಾರೆ. ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಮರ ತಾಗುತ್ತಿದೆ. ಅಷ್ಟನ್ನು ಮಾತ್ರ ಉಳಿಯಲ್ಲಿ ಕೆರೆಯುತ್ತಾರೆ. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ. ಮೊದಲು ಎರಡು ಮೂರು ಕಡೆ ಚುಕ್ಕೆ ಬೀಳುತ್ತದೆ, ಸಂಜೆ ಹೊತ್ತಿಗೆ ಹತ್ತು ಹದಿನೈದು ಕಡೆ. ಕೊನೆಗೆ ಇಡೀ ಜಾಗ ಒಂದೇ ಸಮ ಕಪ್ಪಾದರೆ ಕಬ್ಬಿಣ ಮರದಲ್ಲಿ ಸರಿಯಾಗಿ ಕೂತಿತು.

ಇಷ್ಟು ತಾಳ್ಮೆ ಯಾಕೆ? ಈಡು ಹಾರಿದಾಗ ಕಬ್ಬಿಣ ಹಿಂದಕ್ಕೆ ಒದೆಯುತ್ತದೆ. ಮರ ಎಲ್ಲ ಕಡೆ ಸಮವಾಗಿ ತಾಗಿದ್ದರೆ ಒದೆತ ಹಂಚಿಹೋಗುತ್ತದೆ. ಒಂದೇ ಮೂಲೆಯಲ್ಲಿ ತಾಗಿದ್ದರೆ ಆ ಮೂಲೆಯಿಂದ ಮರ ಸೀಳುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಕೋವಿ ಒಂದೇ ಥರ ಹೊಳೆಯುತ್ತವೆ.

ಮರಕ್ಕೆ ಹೊಳಪು ಬರುವುದು ಅಗಸೆ ಎಣ್ಣೆಯಿಂದ. ವಾರ್ನಿಷ್ ಒಂದೇ ದಿನದಲ್ಲಿ ಮಿಂಚುತ್ತದೆ, ಆದರೆ ಸಿಪ್ಪೆಯ ಹಾಗೆ ಏಳುತ್ತದೆ. ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ನಾಲ್ಕು ಹನಿ ತೆಗೆದುಕೊಂಡು ಬಿಸಿ ಆಗುವವರೆಗೆ ತಿಕ್ಕಬೇಕು, ಹೆಚ್ಚಾದದ್ದನ್ನು ಒರೆಸಬೇಕು, ಒಣಗಲು ಬಿಡಬೇಕು. ಹೊರದೇಶದ ಹಳೆಯ ಕುಶಲಕರ್ಮಿಗಳ ಲೆಕ್ಕ ಹೀಗೆ: ಒಂದು ವಾರ ದಿನಕ್ಕೊಮ್ಮೆ, ಒಂದು ತಿಂಗಳು ವಾರಕ್ಕೊಮ್ಮೆ, ಒಂದು ವರ್ಷ ತಿಂಗಳಿಗೊಮ್ಮೆ. ಈ ಕೆಲಸವನ್ನು ಆಚಾರ್ರು ಅಜ್ಜನಿಗೇ ಬಿಟ್ಟರು. “ಇದು ನಿಮ್ದು. ನನ್ನ ಕೈ ಬೆವರು ಯಾಕೆ ಅದಕ್ಕೆ?” ಅಂದರು.

ತುಕ್ಕಿನಿಂದಲೇ ತುಕ್ಕಿಗೆ ತಡೆ

ಹಳೆಯ ಕೋವಿಯ ನಳಿಗೆಗೆ ಕಪ್ಪು ನೀಲಿ ಬಣ್ಣ ಇರುತ್ತದೆ. ಅದು ಪೇಂಟ್ ಅಲ್ಲ, ಒಂಥರದ ತುಕ್ಕೇ. ಉಜ್ಜಿ ಶುದ್ಧ ಮಾಡಿದ ನಳಿಗೆಗೆ ದ್ರಾವಣ ಸವರಿ ತೇವದಲ್ಲಿ ಇಡುತ್ತಾರೆ. ಕೆಂಪು ತುಕ್ಕು ಹುಡಿಯ ಹಾಗೆ ಏಳುತ್ತದೆ. ಅದನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಬ್ರಶ್‌ನಿಂದ ಸಡಿಲ ಹುಡಿ ತೆಗೆದು ಮತ್ತೆ ಮೊದಲಿನಿಂದ. ಐದಾರು ಸಲ ಆದ ಮೇಲೆ ಗಟ್ಟಿ ಕಪ್ಪು ಪದರ ನಿಲ್ಲುತ್ತದೆ. ಎಣ್ಣೆ ಹಿಡಿದುಕೊಂಡು ಹೊಸ ತುಕ್ಕನ್ನು ತಡೆಯುವುದು ಈ ಪದರವೇ.

ಕಾರ್ಖಾನೆಗಳಲ್ಲಿ ಬಿಸಿ ಕ್ಷಾರದ ತೊಟ್ಟಿಯಲ್ಲಿ ಮುಳುಗಿಸಿ ಇದನ್ನು ಬೇಗ ಮುಗಿಸುತ್ತಾರೆ. ಆದರೆ ಜೋಡಿ ನಳಿಗೆಯ ಹಳೆಯ ಕೋವಿಗೆ ಆ ದಾರಿ ಆಗದು. ಎರಡು ನಳಿಗೆಗಳನ್ನು ಬೆಸುಗೆ ಹಾಕಿ ಕೂಡಿಸಿರುತ್ತಾರೆ, ಬಿಸಿ ಕ್ಷಾರ ಆ ಬೆಸುಗೆಯನ್ನೇ ತಿನ್ನುತ್ತದೆ. ಬೇಗ ಮಾಡಿಕೊಡುತ್ತೇನೆ ಎಂದವರ ಕೈಗೆ ಕೊಟ್ಟರೆ ನಳಿಗೆಗಳು ಬೇರೆ ಬೇರೆಯಾಗಿ ಮನೆಗೆ ಬಂದಾವು. ಹಳೆ ವಸ್ತುವಿಗೆ ಹಳೆ ವಿಧಾನ ಬೇಕಾಗುವುದು ಮೋಹಕ್ಕಲ್ಲ, ಇಂಥ ಕಾರಣಕ್ಕೆ.

ಕೊಡಗಿನ ಕೋವಿ

ಕೋವಿಯನ್ನು ಇಷ್ಟು ಮುತುವರ್ಜಿಯಿಂದ ನೋಡುವುದು ಕೊಡಗಿನಲ್ಲಿ ಹವ್ಯಾಸ ಮಾತ್ರ ಅಲ್ಲ, ಮನೆತನದ ರೂಢಿ. ಕೊಡವ ಭಾಷೆಯಲ್ಲಿ ಕೋವಿಗೆ ತೋಕ್ ಎನ್ನುತ್ತಾರೆ. ಕೈಲ್‌ಪೋದ್ ಸೆಪ್ಟೆಂಬರ್ 3ರ ಆಸುಪಾಸಿನ ಆಯುಧ ಹಬ್ಬ. ನಾಟಿ ಮುಗಿದಿರುತ್ತದೆ. ಕೋವಿ, ಕತ್ತಿಗಳನ್ನು ತೊಳೆದು ಒರೆಸಿ ದೇವರ ಕೋಣೆಯಲ್ಲಿಟ್ಟು ತೋಕ್ ಪೂ ಮುಡಿಸುತ್ತಾರೆ. ನಾವು ಗೌರಿ ಹೂ ಎನ್ನುವ, ಬೆಂಕಿಯ ನಾಲಿಗೆಯಂಥ ಎಸಳಿನ ಹೂವು ಅದು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರುತ್ತದೆ. ಮಗುವಿನ ಸುದ್ದಿ ಊರಿಗೆ ತಿಳಿಸಬೇಕಾದ ಕೋವಿ ಆ ಹೊತ್ತಿಗೆ ಟುಸ್ ಅನ್ನುವ ಹಾಗಿಲ್ಲ. ಅದಕ್ಕೇ ಅದನ್ನು ವರ್ಷ ಪೂರ್ತಿ ನೋಡಿಕೊಳ್ಳಬೇಕು.

ಬ್ರಿಟಿಷರು 1860ರಲ್ಲಿ ನಿರಾಯುಧಗೊಳಿಸುವ ಕಾಯ್ದೆ ತಂದಾಗ, 1861ರ ಫೆಬ್ರವರಿಯಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯದ ನಂತರವೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿಗೆ ಹೋಯಿತು. 2021ರ ಸೆಪ್ಟೆಂಬರ್‌ನಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

ಆದರೆ ಒಂದು ಮಾತು ಹಲವರಿಗೆ ಗೊತ್ತಿಲ್ಲ. ಈ ವಿನಾಯಿತಿ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಗೆ, ಅಂದರೆ ಕೋವಿ ಹೊಂದುವುದಕ್ಕೆ, ಒಯ್ಯುವುದಕ್ಕೆ ಬೇಕಾದ ಲೈಸೆನ್ಸಿಗೆ ಸಂಬಂಧಿಸಿದ್ದು. ಕೋವಿ ತಯಾರಿಸುವುದು, ಬದಲಾಯಿಸುವುದು, ರಿಪೇರಿ ಮಾಡುವುದು 5ನೇ ಸೆಕ್ಷನ್‌ನ ಮಾತು. ಅದಕ್ಕೆ ಬೇರೆ ಲೈಸೆನ್ಸು ಬೇಕೇ ಬೇಕು. ಆಚಾರ್ರ ಗೋಡೆಯ ಫ್ರೇಮಿನಲ್ಲಿ ಇರುವುದು ಅದೇ.

ಕೈ ನಿಲ್ಲಬೇಕಾದ ಜಾಗ

ಅಮೆರಿಕದ ಕಥೆ ಬೇರೆ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಸ್ವಂತಕ್ಕೆ ಕೋವಿ ಮಾಡಿಕೊಳ್ಳಲು ಸಾಮಾನ್ಯವಾಗಿ ಲೈಸೆನ್ಸು ಬೇಡ. ನಾವು ಬೈಕಿಗೆ ಹ್ಯಾಂಡಲ್, ಸೈಲೆನ್ಸರ್ ಬದಲಿಸುವ ಹಾಗೆ ಅಲ್ಲಿನ ಹವ್ಯಾಸಿಗಳು ನಳಿಗೆ, ಹಿಡಿ, ಟ್ರಿಗರ್ ತರಿಸಿ ಜೋಡಿಸುತ್ತಾರೆ, ವಿಡಿಯೊ ಹಾಕುತ್ತಾರೆ. ಆ ವಿಡಿಯೊ ನಮ್ಮ ಊರಿನ ಹುಡುಗರ ಮೊಬೈಲಿಗೂ ಬರುತ್ತದೆ. ‘ಅಣ್ಣಾ, ಇದನ್ನ ನಾವೂ ಮಾಡಬಹುದಲ್ವಾ?’ ಎಂದು ನಮ್ಮನ್ನೇ ಕೇಳಿದವರಿದ್ದಾರೆ.

ಮಾಡಬಾರದು. ನಳಿಗೆ ಗಿಡ್ಡ ಮಾಡುವುದಕ್ಕೆ, ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದಕ್ಕೆ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸು ಬೇಕು. ಕೋವಿಯ ಮೇಲಿನ ನಂಬರು, ತಯಾರಕರ ಹೆಸರು ಉಜ್ಜಿ ತೆಗೆಯುವುದೂ ಅಪರಾಧ. ಲೈಸೆನ್ಸಿಲ್ಲದೆ ಕೋವಿ ತಯಾರಿಸಿದರೆ, ಬದಲಾಯಿಸಿದರೆ, ರಿಪೇರಿ ಮಾಡಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ.

ಕಾನೂನನ್ನು ಪಕ್ಕಕ್ಕೆ ಇಟ್ಟರೂ ಕಬ್ಬಿಣ ಬಿಡುವುದಿಲ್ಲ. 12 ಬೋರ್ ಎಂದರೆ ಏನು ಗೊತ್ತೇ? ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ. ಸುಮಾರು 18.5 ಮಿಲಿಮೀಟರ್. ನಳಿಗೆಯ ಬಾಯಿಯ ಹತ್ತಿರ ಒಳಗಡೆ ಸ್ವಲ್ಪ ಕಿರಿದು ಮಾಡಿರುತ್ತಾರೆ, ಚರೆ ಬೇಗ ಚದುರದಿರಲಿ ಎಂದು. ಅತಿ ಬಿಗಿ ಮಾಡಿದ ನಳಿಗೆಯಲ್ಲೂ ಈ ಕಿರಿದು ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಬಾಯಿಯ ಕಡೆ ಎರಡಿಂಚು ಕತ್ತರಿಸಿ ಹಾಕಿದರೆ ಅದು ಪೂರ್ತಿ ಹೋಯಿತು. ಇನ್ನು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿ ಹೊಸೆದು ಬೆಸೆದ ಹಳೆಯ ನಳಿಗೆಗಳು ಇವೆ. ಮೇಲೆ ಹಾವಿನ ಚರ್ಮದಂಥ ಗೆರೆ ಕಾಣುತ್ತದೆ. ಅವು ಕರಿಮದ್ದಿನ ಕಾಲದವು. ಇವತ್ತಿನ ತೋಟಾ ತುಂಬಿದರೆ ಕೈಯಲ್ಲೇ ಸಿಡಿಯಬಹುದು.

ಹಂದಿ ದಾರಿಗೆ ಕಟ್ಟಿಟ್ಟ ನಾಡಕೋವಿಗೆ ಮನುಷ್ಯರೇ ಸಿಕ್ಕಿದ ಸುದ್ದಿ ಮಲೆನಾಡಿನ ಓದುಗರಿಗೆ ಹೊಸದಲ್ಲ. ಆ ಕೋವಿ ಮಾಡಿದವನೂ ಕೈಯಿಂದಲೇ ಮಾಡಿರುತ್ತಾನೆ, ಅವನಿಗೂ ಅರ ಹಿಡಿಯಲು ಬರುತ್ತದೆ. ಹಾಗಾದರೆ ಆಚಾರ್ರಿಗೂ ಅವನಿಗೂ ಏನು ವ್ಯತ್ಯಾಸ ಎಂದು ನಾವು ಯೋಚಿಸಿದ್ದೇವೆ. ಆಚಾರ್ರು ಕೋವಿಗೆ ಕೈ ಹಾಕುವ ಮೊದಲು ಅದರ ನಂಬರನ್ನು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಯಾರ ಹೆಗಲಿಗೆ, ಯಾವ ಕೆಲಸಕ್ಕೆ ಎಂದು ಕೇಳುತ್ತಾರೆ. ನಳಿಗೆಯ ಒಳಗೆ ಗುಳಿ ಬಿದ್ದಿದ್ದರೆ ‘ಇದು ಇನ್ನು ಗೋಡೆಗೆ’ ಎಂದು ಹೇಳಿ ವಾಪಸ್ ಕೊಡುತ್ತಾರೆ, ದುಡ್ಡು ಎಷ್ಟೇ ಕೊಟ್ಟರೂ ಮುಟ್ಟುವುದಿಲ್ಲ. ತನ್ನ ಕೆಲಸಕ್ಕೆ ತಾನು ಜವಾಬು ಹೇಳುವವನನ್ನೇ ನಾವು ಕಸುಬುದಾರ ಎನ್ನುವುದು. ಕಟ್ಟಿಟ್ಟು ಓಡಿಹೋದವನಿಗೆ ಆ ಹೆಸರು ಸಲ್ಲದು.

ಠಾಣೆಯಿಂದ ಬಂದ ತುಕ್ಕು

ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ರೈತರ ಗೋಳು ಬೇರೆ. ಚುನಾವಣೆ ಘೋಷಣೆಯಾದರೆ ಕೋವಿ ಠಾಣೆಗೆ. ಶಾಂತಿ ಕಾಪಾಡುವುದು ಮುಖ್ಯ, ಒಪ್ಪೋಣ. ಆದರೆ ಅದೇ ಹೊತ್ತಿಗೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ. ಕೋವಿ ವಾಪಸ್ ಬರುವಾಗ ಗಾಳಿ ಆಡದ ಕೋಣೆಯಲ್ಲಿ ಒಂದರ ಮೇಲೊಂದು ಒರಗಿ ತಿಂಗಳುಗಟ್ಟಲೆ ಕೂತು ಬಂದಿರುತ್ತದೆ. ಒಮ್ಮೆ ನಾವೇ ನೋಡಿದ ಕೋವಿಯ ನಳಿಗೆಯಲ್ಲಿ ಬೆರಳು ಇಟ್ಟ ಗುರುತುಗಳೆಲ್ಲ ಕೆಂಪಗೆ ಎದ್ದಿದ್ದವು. ಕೈ ಬೆವರಿನ ಉಪ್ಪು ಅಷ್ಟು ಕೆಲಸ ಮಾಡುತ್ತದೆ. ಕೊಡುವ ಮೊದಲು ಎಣ್ಣೆ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿ, ನಂಬರು ಬರೆದ ರಸೀದಿ ಪಡೆದುಕೊಳ್ಳಿ. ತೆಗೆದಿಡುವ ಕೋಣೆಗೆ ಒಂದು ಮರದ ಸ್ಟ್ಯಾಂಡ್ ಹಾಕಿಸಿಕೊಟ್ಟರೆ ಅರ್ಧ ತೊಂದರೆ ಕಳೆಯುತ್ತದೆ. ಸಂಘಗಳು ಈ ಬೇಡಿಕೆ ಇಡಬಹುದು.

2019ರ ತಿದ್ದುಪಡಿ ಒಬ್ಬ ಲೈಸೆನ್ಸುದಾರ ಇಡಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಹೊಸ ಲೈಸೆನ್ಸು ಸುಲಭವಲ್ಲ, ಹೊಸ ಕೋವಿ ಅಗ್ಗವೂ ಅಲ್ಲ. ಇರುವ ಹಳೆಯದನ್ನೇ ಚೆನ್ನಾಗಿ ಇಟ್ಟುಕೊಳ್ಳಬೇಕು. ಹಾಗೆ ಇಟ್ಟುಕೊಡುವ ಲೈಸೆನ್ಸುದಾರ ಕೈಗಳೇ ಕಡಿಮೆಯಾಗುತ್ತಿವೆ. ಆಚಾರ್ರ ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸಕ್ಕೆ ಇದ್ದಾನೆ. “ಅವನನ್ನ ಬೈಯೋಕಾಗಲ್ಲ. ಈ ಕೆಲಸ ಹೇಳ್ಕೊಂಡ್ರೆ ಹೆಣ್ಣು ಕೊಡೋರೂ ಹೆದರ್ತಾರೆ. ಪೊಲೀಸ್ ಕೇಸ್ ಇರ್ತದಾ ಅಂತ ಕೇಳ್ತಾರೆ” ಅಂದರು ಆಚಾರ್ರು. ನಾಲ್ಕು ಸಾಲಿನ ಸುದ್ದಿಗಳು ಜನರ ತಲೆಯಲ್ಲಿ ಉಳಿಸಿದ್ದು ಇಷ್ಟು.

ಮನೆಯಲ್ಲಿ ಕೋವಿ ಇರುವವರು ಮಾಡಬಹುದಾದ ಕೈಕೆಲಸ ಬೇಕಾದಷ್ಟಿದೆ. ಕೇಪಿನ ಕೋವಿ ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಲ್ಲಿ ತೊಳೆಯಿರಿ. ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು ಎಬ್ಬಿಸುತ್ತದೆ. ಪೂರ್ತಿ ಒಣಗಿಸಿ ಎಣ್ಣೆ ಹಾಕಿ. ಬಹಳ ದಿನ ಮೂಲೆಯಲ್ಲಿದ್ದ ಕೋವಿಯ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಅದನ್ನು ನೋಡದೆ ಈಡು ಹಾರಿಸಿದರೆ ನಳಿಗೆ ಒಡೆಯುತ್ತದೆ. ತೋಟಾ ಕೋವಿಯಾದರೆ ಮುರಿದು, ಖಾಲಿ ಇದೆ ಎಂದು ನೋಡಿಕೊಂಡು, ಹಿಂದಿನಿಂದ ಬೆಳಕಿಗೆ ಹಿಡಿದು ಪರೀಕ್ಷಿಸಿ. ಕೇಪಿನ ಕೋವಿಯಲ್ಲಿ ಹಾಗೆ ನೋಡಲಾಗದು, ಅದನ್ನು ತಿಳಿದವರಿಗೇ ಕೊಡಿ. ಮರಕ್ಕೆ ಅಗಸೆ ಎಣ್ಣೆ, ಬೆಲ್ಟಿಗೆ ಹೊಸ ಹೊಲಿಗೆ, ಒಂದು ಒಳ್ಳೆ ಚೀಲ ನಿಮ್ಮ ಕೈಯಲ್ಲೇ ಆಗಲಿ. ಸ್ಕ್ರೂ ತಿರುಗಿಸಬೇಕಾದ ಯಾವುದೇ ಕೆಲಸ ಲೈಸೆನ್ಸಿರುವ ಆಚಾರ್ರ ಕೈಯಲ್ಲಿ ಆಗಲಿ. ಕೊಟ್ಟು ಬರಬೇಡಿ, ಸಾಧ್ಯವಾದರೆ ಅರ್ಧ ದಿನ ಅಲ್ಲೇ ಕೂತು ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಐಟಿಐನಲ್ಲಿ ಫಿಟ್ಟರ್ ಓದಿದ ಹುಡುಗರು ಊರಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ಎಡ ಹೆಗಲಿನ ಅಜ್ಜ ಆ ಸೆಪ್ಟೆಂಬರ್‌ನಲ್ಲಿ ಮೂರು ಈಡು ಹೊಡೆದರು. ಮೊದಲ ಎರಡು ತಾಗಲಿಲ್ಲ. ಮೂರನೆಯದಕ್ಕೆ ತೆಂಗಿನಕಾಯಿ ಹೋಳಾಯಿತು. ಮೊಮ್ಮಗಳು ಕೋವಿ ಮುಟ್ಟಿ ನೋಡಿ, ಈ ಮರ ಯಾವುದು ಎಂದು ಕೇಳಿದಳು. “ನೀನು ಹತ್ತಿ ಬಿದ್ದ ಹಲಸು” ಎಂದರು ಅಜ್ಜ.